ಹಾಡಬಾರದ ಮನೆಯಲ್ಲಿ ಹುಟ್ಟಿದವರು

2003ರಲ್ಲಿ ಕೆಲಸಕ್ಕೆಂದು ಧಾರವಾಡದಿಂದ ಬೆಂಗಳೂರಿಗೆ ಬಂದ ಹೊಸದರಲ್ಲಿ, ಮೊದಲ ತಿಂಗಳ ಸಂಬಳದಲ್ಲಿ ನಾನು ಕೊಂಡುಕೊಂಡ ಒಂದೇ ಒಂದು ಸಿ.ಡಿ. ಪಂಡಿತ ವಿಶ್ವಮೋಹನ ಭಟ್ಟರದು. ಅವರ ಮೋಹನವೀಣೆಯನ್ನು ಆಕಾಶವಾಣಿಯಲ್ಲಿ ಕೇಳಿದ್ದ ನೆನಪಿನಿಂದ ಅದನ್ನು ಎತ್ತಿಕೊಂಡೆನೇ ಹೊರತು, ಹೊದಿಕೆಯ ಮೇಲೆ ಅವರ ಹೆಸರಿನ ಜೊತೆಗೇ ಇದ್ದ ರೈ ಕೂಡರ್ ಎಂಬ ಅಮೆರಿಕದ ಗಿಟಾರ್ ವಾದಕರು ಯಾರೆಂಬುದು ನನಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಪರಸ್ಪರ ಮುಖಪರಿಚಯವೂ ಇಲ್ಲದಿದ್ದ ಈ ಇಬ್ಬರು 1992ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಚರ್ಚೊಂದರಲ್ಲಿ ಕುಳಿತು ನುಡಿಸಿದ ನಾಲ್ಕು ವಾದನಗಳು ಅದರಲ್ಲಿದ್ದವು. ‘ಎ ಮೀಟಿಂಗ್ ಬೈ ದ ರಿವರ್’ ಎಂಬ ಆ ಮುದ್ರಿಕೆಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಿತ್ತು. ಮರುವರ್ಷ ಅದೇ ವಿಭಾಗದ ಪ್ರಶಸ್ತಿ ಕೂಡರ್ ಅವರು ಮತ್ತೊಬ್ಬ ಕಲಾವಿದರ ಜೊತೆ ಸೇರಿ ಮಾಡಿದ ‘ಟಾಕಿಂಗ್ ಟಿಂಬಕ್ಟು’ ಎಂಬುದಕ್ಕೆ ಹೋಯಿತೆಂದು ಎಲ್ಲೋ ಓದಿ, ಹಾಗಾದರೆ ಭಟ್ಟರ ನಂತರ ಕೂಡರ್ ಹುಡುಕಿಕೊಂಡು ಹೋದದ್ದು ಯಾರನ್ನು ಎಂಬ ಕುತೂಹಲ ನನ್ನಲ್ಲಿ ಹುಟ್ಟಿತು. ಪರದೇಶದಲ್ಲಿದ್ದ ಗೆಳತಿಯೊಬ್ಬಳಿಗೆ ಪತ್ರ ಬರೆದು, ಅವಳು ರಜೆಗೆ ಬರುವಾಗ ಅದನ್ನು ತರಿಸಿಕೊಂಡೆ.

ಪಶ್ಚಿಮ ಆಫ್ರಿಕದ ಮಾಲಿ ದೇಶದ, ನೈಜರ್ ನದಿಯ ದಂಡೆಯ ಅಲಿ ಫರ್ಕಾ ಟೂರೆ ನನ್ನ ಮನೆಗೆ ಬಂದದ್ದು ಹೀಗೆ, ಒಬ್ಬ ರಾಜಸ್ಥಾನಿ ವಾದಕರ ಕೈ ಹಿಡಿದುಕೊಂಡು. ಮೊದಲ ಸಲ ಕೇಳಿದ ಆ ರಾತ್ರಿ ನನಗೆ ಏನಾಯಿತೆಂದು ಹೇಳುವುದು ಇಂದಿಗೂ ಕಷ್ಟ. ಗಿಟಾರು ಒಂದೇ ಸಣ್ಣ ಪಲುಕನ್ನು ಮತ್ತೆ ಮತ್ತೆ ನುಡಿಯುತ್ತಿತ್ತು, ಪ್ರತಿ ಸುತ್ತಿನಲ್ಲೂ ಎಲ್ಲೋ ಒಂದು ಸ್ವರ ಕೊಂಚ ತಡವಾಗಿ ಬೀಳುತ್ತಿತ್ತು, ಅದರ ಮೇಲೆ ಯಾವ ಅವಸರವೂ ಇಲ್ಲದ, ಹೊಲದ ಬದುವಿನ ಮೇಲೆ ನಿಂತು ಆಚೆ ಹೊಲದವನೊಡನೆ ಮಾತನಾಡುವಂಥ ಒಂದು ದನಿ ಸಾಗುತ್ತಿತ್ತು. ಭೂಪ, ದುರ್ಗಾ, ಮಾಲಕಂಸಗಳನ್ನು ಕೇಳಿಕೊಂಡು ಬೆಳೆದ ಕಿವಿಗೆ ಐದೇ ಸ್ವರಗಳಲ್ಲಿ ಒಂದು ಲೋಕವನ್ನು ಕಟ್ಟುವುದು ಹೊಸದಲ್ಲ. ಆದರೆ ನಮ್ಮಲ್ಲಿ ಆ ಐದು ಸ್ವರಗಳು ಬೆಳೆಯುತ್ತ, ಏರುತ್ತ, ಒಂದು ಕಡೆಗೆ ಹೋಗುತ್ತವೆ. ಇಲ್ಲಿ ಅವು ಇದ್ದಲ್ಲೇ ಇದ್ದು ಆಳವಾಗುತ್ತಿದ್ದವು. ಸೊಂಘಾಯ್, ಫುಲ್ಫುಲ್ಡೆ, ತಮಾಷೆಕ್, ಬಂಬಾರಾ ಹೀಗೆ ಹಲವು ಭಾಷೆಗಳಲ್ಲಿ ಹಾಡುತ್ತಿದ್ದ ಅವರ ಒಂದು ಪದವೂ ನನಗೆ ಅರ್ಥವಾಗುವಂತಿರಲಿಲ್ಲ. ಕೊನೆಯಲ್ಲಿರುವ ‘ಜಾರಾಬಿ’ ಎಂಬ ಪ್ರೇಮಗೀತೆಯನ್ನು ಆ ರಾತ್ರಿ ಎಷ್ಟು ಸಲ ಹಾಕಿಕೊಂಡೆನೋ ಲೆಕ್ಕವಿಲ್ಲ.

ಮುಂದಿನ ದಿನಗಳಲ್ಲಿ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅವರು ಹುಟ್ಟಿದ್ದು 1939ರಲ್ಲಿ, ಟಿಂಬಕ್ಟು ಪ್ರದೇಶದ ಕನಾವು ಎಂಬ ನದಿದಂಡೆಯ ಹಳ್ಳಿಯಲ್ಲಿ. ಬೆಳೆದದ್ದು ನಿಯಾಫುಂಕೆ ಎಂಬ ಊರಿನಲ್ಲಿ. ತಾಯಿಗೆ ಹುಟ್ಟಿದ ಹತ್ತು ಗಂಡುಮಕ್ಕಳಲ್ಲಿ ಶೈಶವವನ್ನು ದಾಟಿ ಬದುಕುಳಿದ ಮೊದಲಿಗರು ಅವರು. ಆದ್ದರಿಂದ ಮನೆಯವರು ಅವರಿಗೆ ‘ಫರ್ಕಾ’ ಎಂಬ ಅಡ್ಡಹೆಸರಿಟ್ಟರು, ಹಾಗೆಂದರೆ ಕತ್ತೆ. ಗಟ್ಟಿಮುಟ್ಟಾಗಿ ತಾಳಿಕೊಳ್ಳುವ ಪ್ರಾಣಿಯ ಹೆಸರಿಟ್ಟರೆ ಮಗು ಉಳಿದೀತೆಂಬ ಆಸೆ ಅದು. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ನಮ್ಮ ಕಡೆಯೂ ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪ ಎಂದೋ ತಿಪ್ಪವ್ವ ಎಂದೋ ಹೆಸರಿಡುತ್ತಿದ್ದರು. ಸಾವಿಗೂ ಬೇಡವಾಗಲಿ ಎಂದು. ನನ್ನ ಅಜ್ಜನ ಅಣ್ಣ ಅಂಥ ಒಬ್ಬ ತಿಪ್ಪಣ್ಣ. ಅಲಿ ಫರ್ಕಾ ಟೂರೆ ಅಂದಿನಿಂದ ನನಗೆ ಪರದೇಶದ ಕಲಾವಿದರಾಗಿ ಉಳಿಯಲಿಲ್ಲ.

ಆದರೆ ಅವರ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ವಿಷಯ ಬೇರೆಯೇ ಇತ್ತು. ಅವರು ಹಾಡಬೇಕಾದ ಮನೆಯವರಾಗಿರಲಿಲ್ಲ. ಮಾಲಿ, ಗಿನಿ, ಗ್ಯಾಂಬಿಯಾ, ಸೆನೆಗಲ್‌ಗಳ ಬಹುಭಾಗದಲ್ಲಿ ಸಂಗೀತವೆಂಬುದು ಹುಟ್ಟಿನಿಂದ ಬರುವ ಕಸುಬು. ಅದನ್ನು ನಡೆಸುವವರನ್ನು ಮಾಂಡಿಂಗ್ ಭಾಷೆಗಳಲ್ಲಿ ಜೆಲಿ ಎನ್ನುತ್ತಾರೆ, ಫ್ರೆಂಚರು ಗ್ರಿಯೋ ಎಂದು ಕರೆದರು. ಕುಯಾತೆ, ದಿಯಾಬಾತೆ, ಸಿಸ್ಸೊಕೊ, ತುಂಕಾರ ಮುಂತಾದ ಮನೆತನದ ಹೆಸರು ಕೇಳಿದರೆ ಸಾಕು, ಆ ಕಡೆಯವರಿಗೆ ಇವರು ಜೆಲಿಗಳೆಂದು ತಿಳಿಯುತ್ತದೆ. ಹದಿಮೂರನೆಯ ಶತಮಾನದಲ್ಲಿ ಮಾಲಿ ಸಾಮ್ರಾಜ್ಯವನ್ನು ಕಟ್ಟಿದ ಸುಂಜಾತ ಕೇಯ್ತನ ಕಥೆಯನ್ನು ಬರೆಹದ ನೆರವಿಲ್ಲದೆ ಇಂದಿನವರೆಗೆ ತಂದು ಮುಟ್ಟಿಸಿದವರು ಇವರು. ಹೆಸರಿಡುವ ದಿನ, ಮದುವೆಯ ದಿನ ಮನೆಯ ಮುಂದೆ ನಿಂತು ಆ ವಂಶದ ಹಿರಿಯರನ್ನು ಹೆಸರು ಹಿಡಿದು ಹೊಗಳುವುದು, ಎರಡು ಕುಲಗಳ ನಡುವೆ ಜಗಳವಾದರೆ ಸಂಧಾನ ಮಾಡುವುದು, ದೊರೆಯ ಮಾತನ್ನು ಜನರಿಗೆ ಮುಟ್ಟಿಸುವುದು ಇವೆಲ್ಲ ಅವರ ಕೆಲಸ. ಕಮ್ಮಾರರು, ತೊಗಲಿನ ಕೆಲಸದವರು, ಜೆಲಿಗಳು ಇವರೆಲ್ಲ ಒಂದು ವರ್ಗ. ಬೇಸಾಯ ಮಾಡುವವರು, ಕಾದುವವರು, ಆಳುವವರು ಇನ್ನೊಂದು ವರ್ಗ. ಎರಡನೆಯ ವರ್ಗದಲ್ಲಿ ಹುಟ್ಟಿದವನು ಹಣಕ್ಕಾಗಿ ಹಾಡುವುದು ಮನೆತನಕ್ಕೆ ಅವಮಾನ.

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಬೇರೆ ಎಲ್ಲಿಗೂ ಹೋಗಬೇಕಾಗಲಿಲ್ಲ. ನವಲಗುಂದದ ಹತ್ತಿರದ ನಮ್ಮ ಅಜ್ಜನ ಊರಿಗೆ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಹೆಳವರು ಬರುತ್ತಿದ್ದರು. ಪಡಸಾಲೆಯ ಮುಂದೆ ನಿಂತು, ನಮ್ಮ ಮನೆತನ ಯಾವ ಊರಿನಿಂದ ಯಾವ ಕಾರಣಕ್ಕೆ ಎದ್ದು ಬಂತು, ಯಾರ ಮಗ ಯಾರು, ಯಾರಿಗೆ ಸಂತಾನವಿಲ್ಲದೆ ದತ್ತು ಬಂತು ಎಂಬುದನ್ನೆಲ್ಲ ತಡವರಿಸದೆ ಹೇಳುತ್ತಿದ್ದರು. ಅಜ್ಜ ಆ ಹೊತ್ತಿನಲ್ಲಿ ಕೈಕಟ್ಟಿಕೊಂಡು ಕೇಳುತ್ತಿದ್ದರು. ಮುಗಿದ ಮೇಲೆ ಜೋಳ ಅಳೆದು ಹಾಕುತ್ತಿದ್ದರು. ಆ ಗೌರವವೂ ನಿಜ, ಅವರನ್ನು ಅಂಗಳದ ಆಚೆಗೇ ನಿಲ್ಲಿಸುತ್ತಿದ್ದದ್ದೂ ನಿಜ. ಪಶ್ಚಿಮ ಆಫ್ರಿಕದಲ್ಲೂ ಅಷ್ಟೆ. ಸೆನೆಗಲ್‌ನ ಕೆಲವು ಕಡೆ ಗ್ರಿಯೋಗಳ ಶವವನ್ನು ಮಣ್ಣಿನಲ್ಲಿ ಹೂಳಿದರೆ ಬೆಳೆ ಕೆಡುತ್ತದೆಂದು ಪೊಳ್ಳಾದ ಬಾವೋಬಾಬ್ ಮರಗಳ ಒಡಲಲ್ಲಿ ಇಡುತ್ತಿದ್ದರು. ಯಾರ ಬಾಯಲ್ಲಿ ಇಡೀ ನಾಡಿನ ಚರಿತ್ರೆ ಇತ್ತೋ ಅವರಿಗೆ ಆ ನಾಡಿನ ಮಣ್ಣು ಸಿಗಲಿಲ್ಲ. ಈ ಸಂಗೀತವನ್ನು ಪ್ರೀತಿಸುತ್ತ ಹೋದಂತೆಲ್ಲ ಇದನ್ನು ಮರೆಯದಿರುವುದು ನನ್ನ ಕರ್ತವ್ಯವೆಂದು ನನಗನ್ನಿಸಿದೆ.

ಅಲಿ ಫರ್ಕಾ ಟೂರೆ ಎರಡನೆಯ ವರ್ಗದವರು. ಹುಡುಗನಾಗಿದ್ದಾಗ ನ್ಯಾರ್ಕ ಎಂಬ ಒಂದೇ ತಂತಿಯ ಪಿಟೀಲನ್ನೂ, ಒಂದೇ ತಂತಿಯ ಮೀಟುವಾದ್ಯವನ್ನೂ ತಾವೇ ರೂಢಿಸಿಕೊಂಡರು. 1956ರಲ್ಲಿ ಗಿನಿಯ ಕೇಯ್ತ ಫೊದೇಬಾ ಅವರ ಗಿಟಾರ್ ವಾದನವನ್ನು ಕೇಳಿದ ಮೇಲೆ ಒಂದು ತಂತಿಯಲ್ಲಿ ಕಲಿತದ್ದನ್ನೆಲ್ಲ ಆರು ತಂತಿಗೆ ತಂದರು. ರೇಡಿಯೊ ಮಾಲಿಯಲ್ಲಿ ಧ್ವನಿಮುದ್ರಣದ ತಂತ್ರಜ್ಞರಾಗಿ ಕೆಲಸ ಮಾಡಿ, 1980ರಲ್ಲಿ ಅದನ್ನು ಬಿಟ್ಟು ನಿಯಾಫುಂಕೆಗೆ ಹಿಂದಿರುಗಿ ಬೇಸಾಯಕ್ಕೆ ನಿಂತರು. ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ ಗಾಯಕ ಜಾನ್ ಲೀ ಹೂಕರರಿಗೆ ಹೋಲಿಸಿ ಜಗತ್ತೆಲ್ಲ ಅವರನ್ನು ಆಫ್ರಿಕದ ಜಾನ್ ಲೀ ಹೂಕರ್ ಎಂದು ಕರೆದರೂ ಅವರಿಗೆ ಆ ಹೋಲಿಕೆ ಹಿಡಿಸುತ್ತಿರಲಿಲ್ಲ; ಬ್ಲೂಸ್ ಎಂಬುದು ಕಡಲಾಚೆಗೆ ಚಾಚಿದ ಟೊಂಗೆ, ಬೇರು ಇಲ್ಲಿ ನಮ್ಮ ಮಣ್ಣಿನಲ್ಲಿದೆ ಎಂಬುದು ಅವರ ನಿಲುವು. ಗ್ರ್ಯಾಮಿ ಬಂದ ನಂತರ ಪ್ರವಾಸಗಳನ್ನು ಹೆಚ್ಚಿಸಿಕೊಳ್ಳುವ ಬದಲು ಅವರು ಊರಿನಲ್ಲೇ ಉಳಿದರು. ಕೊನೆಗೆ ಧ್ವನಿಮುದ್ರಣ ಸಂಸ್ಥೆಯವರೇ ಉಪಕರಣಗಳನ್ನು ಹೊತ್ತುಕೊಂಡು ನಿಯಾಫುಂಕೆಗೆ ಬಂದು, ಪಾಳುಬಿದ್ದ ಕಟ್ಟಡವೊಂದರಲ್ಲಿ ಜನರೇಟರ್ ಹಚ್ಚಿ, ಹೊಲದ ಕೆಲಸದಿಂದ ಅವರಿಗೆ ಬಿಡುವಾದಾಗ ಹಾಡಿಸಿಕೊಂಡು ಹೋದರು. 1999ರಲ್ಲಿ ಬಂದ ಆ ಮುದ್ರಿಕೆಗೆ ಊರಿನ ಹೆಸರನ್ನೇ ಇಟ್ಟರು. 2004ರಲ್ಲಿ ಅವರು ಆ ಊರಿನ ಮೇಯರ್ ಆದರು. ಸ್ವಂತ ಹಣ ಹಾಕಿ ರಸ್ತೆ ಮಾಡಿಸಿದರು, ಚರಂಡಿ ತೋಡಿಸಿದರು, ಊರಿಗೆ ಬೆಳಕು ಕೊಡುವ ಜನರೇಟರಿಗೆ ಎಣ್ಣೆ ಹಾಕಿಸಿದರು. ನನಗೆ ಅವರ ಎಲ್ಲ ಮುದ್ರಿಕೆಗಳಲ್ಲಿ ‘ನಿಯಾಫುಂಕೆ’ಯೇ ಅಚ್ಚುಮೆಚ್ಚು. ಟಿಂಬಕ್ಟುವಿನ ಹೆಸರಿನದು ಲಾಸ್ ಏಂಜಲೀಸ್‌ನಲ್ಲಿ ಆದದ್ದು. ಇದು ಊರಿನಲ್ಲಿ ಆದದ್ದು, ಆ ವ್ಯತ್ಯಾಸ ಕೇಳಿದವರಿಗೆ ತಿಳಿಯುತ್ತದೆ.

ಹಾಡಬಾರದ ಮನೆಯಲ್ಲಿ ಹುಟ್ಟಿದ ಇನ್ನೊಬ್ಬರು ಸಲೀಫ್ ಕೇಯ್ತ. 1949ರಲ್ಲಿ ಜೋಲಿಬಾ ಎಂಬ ಹಳ್ಳಿಯಲ್ಲಿ, ಸುಂಜಾತ ಕೇಯ್ತನ ಪೀಳಿಗೆಯವರೆಂದು ಹೇಳಿಕೊಳ್ಳುವ ಮನೆತನದಲ್ಲಿ ಅವರು ಹುಟ್ಟಿದರು. ಚರ್ಮಕ್ಕೂ ಕೂದಲಿಗೂ ಹುಟ್ಟಿನಿಂದಲೇ ಬಣ್ಣವಿರದ ಆಲ್ಬಿನಿಸಂ ಸ್ಥಿತಿ ಅವರದು. ಅಂಥ ಮಗುವನ್ನು ಅಪಶಕುನವೆಂದು ಕಾಣುತ್ತಿದ್ದ ಕಾಲ ಅದು. ದೃಷ್ಟಿ ಮಂದವಾಗಿದ್ದರಿಂದ ಶಿಕ್ಷಕರಾಗುವ ಆಸೆ ಕೈಗೂಡಲಿಲ್ಲ. ರಾಜವಂಶದ ಮಗ ಹಾಡಿ ಹೊಟ್ಟೆ ಹೊರೆಯುವುದನ್ನು ಮನೆಯವರು ಒಪ್ಪಲಿಲ್ಲ. ಅವರು ಮಾಲಿಯ ರಾಜಧಾನಿ ಬಮಾಕೊ ನಗರಕ್ಕೆ ಹೋಗಿ ಬೀದಿಯಲ್ಲಿ, ಹೋಟೆಲುಗಳಲ್ಲಿ ಹಾಡಿದರು. ಬಮಾಕೊ ರೈಲು ನಿಲ್ದಾಣದ ಹೋಟೆಲಿನಲ್ಲಿ ಪ್ರಯಾಣಿಕರನ್ನು ರಂಜಿಸಲೆಂದು 1970ರಲ್ಲಿ ರೈಲ್ವೆ ಇಲಾಖೆಯವರೇ ಕಟ್ಟಿದ ‘ರೈಲ್ ಬ್ಯಾಂಡ್’ ಎಂಬ ವಾದ್ಯವೃಂದದಲ್ಲಿ ಅವರ ದನಿ ಮೊದಲು ನಾಡಿಗೆ ಕೇಳಿಸಿತು. ಅವರ ಹಾಡುಗಾರಿಕೆಯಲ್ಲಿ ದನಿ ಒಮ್ಮೆಲೇ ಮೇಲಕ್ಕೆ ಚಿಮ್ಮಿ ಅಲ್ಲಿಯೇ ಬಿರಿಯುವ ಒಂದು ಕ್ಷಣ ಬರುತ್ತದೆ. ಗಂಗೂಬಾಯಿ ಹಾನಗಲ್ಲರ ತಾರಸ್ಥಾಯಿಯನ್ನು ಎದುರಿಗೆ ಕುಳಿತು ಕೇಳಿದ ನನಗೆ ಮೈ ಜುಮ್ಮೆನಿಸುವ ಆ ಅನುಭವ ಮತ್ತೆ ಆದದ್ದು ಅಲ್ಲಿಯೇ. 1987ರ ‘ಸೊರೊ’ ಮುದ್ರಿಕೆಯ ಯಂತ್ರವಾದ್ಯಗಳ ಅಬ್ಬರ ನನಗೆ ಒಗ್ಗಲಿಲ್ಲ. 2002ರ ‘ಮೊಫೂ’ ಮುದ್ರಿಕೆಯಲ್ಲಿ ಮರ, ತೊಗಲು, ತಂತಿಗಳ ವಾದ್ಯಗಳಿಗೆ ಹಿಂದಿರುಗಿ ಹಾಡಿದ ಸಲೀಫ್ ಕೇಯ್ತರನ್ನೇ ನಾನು ಮತ್ತೆ ಮತ್ತೆ ಕೇಳುತ್ತೇನೆ.

ಗಾಯಕಿ ಉಮು ಸಂಗಾರೆ ನನಗೆ ಪರಿಚಯವಾದದ್ದಕ್ಕಿಂತ ನಮ್ಮ ಅವ್ವನಿಗೆ ಪರಿಚಯವಾದ ರೀತಿ ಹೇಳಬೇಕು. ದೀಪಾವಳಿಗೆ ಊರಿಗೆ ಹೋಗಿದ್ದೆ. ಅಡುಗೆಮನೆಯ ಕಟ್ಟೆಯ ಮೇಲೆ ಸಣ್ಣ ಸ್ಪೀಕರಿನಲ್ಲಿ ಅವರ ಮೊದಲ ಮುದ್ರಿಕೆ ‘ಮುಸೊಲು’ ಹಾಕಿದ್ದೆ. ಆ ಹೆಸರಿಗೆ ಹೆಂಗಸರು ಎಂದು ಅರ್ಥ. ಒಂದು ಸಾಲು ಅವರು ಹಾಡಿದರೆ, ಹಿಂದಿನ ಹೆಂಗಸರೆಲ್ಲ ಸೇರಿ ಅದನ್ನು ಎತ್ತಿಕೊಳ್ಳುತ್ತಾರೆ. ಅವ್ವ ಹೂರಣ ಕಡೆಯುತ್ತಿದ್ದವಳು ಕೈ ನಿಲ್ಲಿಸಿ, “ಇದೇನ ಯವ್ವಾ, ಬೀಸೂ ಪದ ಹಾಡಿದಂಗ ಹಾಡಾಕತ್ತಾರಲ್ಲ, ಯಾ ಊರವರ ಇವರು?” ಎಂದಳು. ಮಾಲಿಯ ದಕ್ಷಿಣದಲ್ಲಿರುವ ವಾಸುಲು ಸೀಮೆಯ ಸಂಗೀತವಿದು ಎಂದು ವಿವರಿಸಿದೆ. ಏನು ಹಾಡುತ್ತಿದ್ದಾರೆ ಎಂದು ಕೇಳಿದಳು. ಒಬ್ಬನಿಗೆ ಹಲವು ಹೆಂಡಂದಿರಿರುವ ಪದ್ಧತಿಯನ್ನೂ, ಹುಡುಗಿಯರನ್ನು ಕೇಳದೆ ಮದುವೆ ಮಾಡುವುದನ್ನೂ ಇವರು ಬಹಿರಂಗವಾಗಿ ಎದುರಿಸಿ ಹಾಡಿದವರೆಂದೂ, ಇವರು ಎರಡು ವರ್ಷದ ಕೂಸಾಗಿದ್ದಾಗ ತಂದೆ ಎರಡನೆಯ ಹೆಂಡತಿಯ ಜೊತೆ ಮನೆ ಬಿಟ್ಟು ಹೋದರೆಂದೂ, ಮದುವೆಮನೆಗಳಲ್ಲಿ ಹಾಡುತ್ತಿದ್ದ ತಾಯಿಯ ಜೊತೆ ಇವರೂ ಹಾಡಿ ಮನೆ ನಡೆಸಿದರೆಂದೂ ಹೇಳಿದೆ. ಅವ್ವ ಏನೂ ಹೇಳಲಿಲ್ಲ. ಹಾಡು ಮುಗಿದ ಮೇಲೆ “ಇನ್ನೊಮ್ಮೆ ಹಚ್ಚ” ಎಂದಳು. ಈಗ ಅವಳ ಫೋನಿನಲ್ಲಿ ಬೀಸೂ ಪದದ ಬಾಯಿ ಎಂಬ ಹೆಸರಿನಲ್ಲಿ ಆ ಹಾಡುಗಳಿವೆ.

ವಾಸುಲು ಸೀಮೆಯ ಸಂಗತಿ ನನಗೆ ಬಹಳ ಮುಖ್ಯವಾದದ್ದು. ಅಲ್ಲಿ ಹಾಡುವುದಕ್ಕೆ ಜೆಲಿಯಾಗಿ ಹುಟ್ಟಬೇಕಾಗಿಲ್ಲ. ದನಿ ಇದ್ದವರು ಹಾಡುತ್ತಾರೆ. ತಮ್ಮನ್ನು ಕೊನೊ, ಅಂದರೆ ಹಕ್ಕಿ, ಎಂದು ಕರೆದುಕೊಳ್ಳುತ್ತಾರೆ. ಜೆಲಿಯಾದರೆ ಪೋಷಕ ಮನೆತನವನ್ನು ಹೊಗಳಬೇಕು. ಹಕ್ಕಿಗೆ ಆ ಹಂಗಿಲ್ಲ, ಕಂಡದ್ದನ್ನು ಹಾಡಬಹುದು. ಅವರ ಹಾಡಿಗೆ ಜೊತೆಯಾಗುವ ಕಮಾಲೆ ಙೋನಿ ಎಂಬ ಸೋರೆಬುರುಡೆಯ ವಾದ್ಯವೂ ಇಂಥದೇ ಬಂಡಾಯದಿಂದ ಹುಟ್ಟಿದ್ದು. ಬೇಟೆಗಾರರು ತಮ್ಮ ಆಚರಣೆಗಳಲ್ಲಿ ಮಾತ್ರ ನುಡಿಸುತ್ತಿದ್ದ ವಾದ್ಯವೊಂದನ್ನು ಊರಿನ ಹುಡುಗರು ಚಿಕ್ಕದು ಮಾಡಿ, ಶ್ರುತಿ ಏರಿಸಿ, ಕುಣಿತಕ್ಕೆ ಬಳಸತೊಡಗಿದರು. ಹಿರಿಯರಿಗೆ ಅದು ಹಿಡಿಸಲಿಲ್ಲ. ಕಮಾಲೆ ಎಂದರೆ ಹರೆಯದ ಹುಡುಗ. ಉಮು ಸಂಗಾರೆ ಇಪ್ಪತ್ತೊಂದರ ವಯಸ್ಸಿನಲ್ಲಿ ಪಕ್ಕದ ಐವರಿ ಕೋಸ್ಟ್ ದೇಶದ ಅಬಿಜಾನ್ ನಗರದಲ್ಲಿ ತಮ್ಮ ಮೊದಲ ಕ್ಯಾಸೆಟ್ಟನ್ನು ಹಾಡುವಾಗ ಆ ವಾದ್ಯದ ಟಣಟಣ ದನಿಯ ಜೊತೆಗೆ ಪಿಟೀಲನ್ನೂ ಇರಿಸಿಕೊಂಡರು.

ಹಾಗಾದರೆ ಹಾಡಲೇಬೇಕಾದ ಮನೆಯಲ್ಲಿ ಹುಟ್ಟಿದವರಿಗೆ ದಾರಿ ಸುಲಭವಾಗಿತ್ತೇ ಎಂಬ ಪ್ರಶ್ನೆಗೆ ನನಗೆ ಉತ್ತರವಾಗಿ ಸಿಕ್ಕವರು ತುಮಾನಿ ದಿಯಾಬಾತೆ. 1965ರಲ್ಲಿ ಬಮಾಕೊದಲ್ಲಿ ಹುಟ್ಟಿದ ಅವರು ತಮ್ಮ ಮನೆಯಲ್ಲಿ ಎಪ್ಪತ್ತೊಂದು ತಲೆಮಾರುಗಳಿಂದ ಈ ಕಸುಬು ನಡೆದಿದೆ ಎನ್ನುತ್ತಿದ್ದರು. ತಂದೆ ಸಿದಿಕಿ ದಿಯಾಬಾತೆ ಕೋರಾ ವಾದ್ಯದ ದೊರೆ ಎನಿಸಿಕೊಂಡವರು. ಆದರೆ ಸದಾ ಸಂಚಾರದಲ್ಲಿರುತ್ತಿದ್ದ ಆ ತಂದೆ ಮಗನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಲಿಲ್ಲ. ಚಿಕ್ಕಂದಿನಲ್ಲಿ ಪೋಲಿಯೊದಿಂದ ಕಾಲು ಸೋತಿದ್ದ ಹುಡುಗ ಮನೆಯಲ್ಲಿ ಕುಳಿತು, ತಂದೆಯ ಧ್ವನಿಮುದ್ರಣಗಳನ್ನು ಕೇಳಿ ಕೇಳಿ ತಾನೇ ಕಲಿತ. ಎಪ್ಪತ್ತೊಂದು ತಲೆಮಾರುಗಳ ಆಸ್ತಿಯನ್ನೂ ಹೀಗೆ ಒಬ್ಬೊಬ್ಬರೂ ಸ್ವತಃ ದುಡಿದೇ ಪಡೆಯಬೇಕು ಎಂಬುದು ನನ್ನನ್ನು ತುಂಬ ಯೋಚನೆಗೆ ಹಚ್ಚಿದ ವಿಷಯ.

ಕೋರಾದ ಬಗ್ಗೆ ಸ್ವಲ್ಪ ವಿವರವಾಗಿ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನಮ್ಮ ತಂಬೂರಿಗೆ ಬಳಸುವಂಥದೇ ದೊಡ್ಡ ಬುರುಡೆಯನ್ನು ಸೀಳಿ, ಒಂದು ಹೋಳಿಗೆ ಹಸುವಿನ ತೊಗಲನ್ನು ಬಿಗಿದು, ಉದ್ದನೆಯ ಮರದ ದಂಡಿಯನ್ನು ಅದರಲ್ಲಿ ಹಾಯಿಸುತ್ತಾರೆ. ಒಟ್ಟು 21 ತಂತಿಗಳು: ಎಡಗೈಗೆ 11, ಬಲಗೈಗೆ 10. ಹಿಂದೆ ತೊಗಲಿನ ಎಳೆಗಳಿದ್ದವು. ಈಗ ಮೀನಿನ ಗಾಳಕ್ಕೆ ಬಳಸುವ ನೈಲಾನ್ ದಾರ. ತಂತಿಗಳನ್ನು ದಂಡಿಗೆ ಸುತ್ತಿದ ತೊಗಲಿನ ಬಳೆಗಳಿಗೆ ಕಟ್ಟಿರುತ್ತಾರೆ, ಬಳೆಯನ್ನು ಮೇಲೆ ಕೆಳಗೆ ಸರಿಸಿ ಶ್ರುತಿ ಮಾಡುತ್ತಾರೆ. ವಾದಕ ಬುರುಡೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಎರಡು ಹಿಡಿಗಳನ್ನು ಮೂರು ಬೆರಳುಗಳಲ್ಲಿ ಹಿಡಿದು, ಉಳಿದ ಎರಡು ಹೆಬ್ಬೆರಳು, ಎರಡು ತೋರುಬೆರಳುಗಳಿಂದ ಮೀಟುತ್ತಾನೆ. ಹೆಬ್ಬೆರಳುಗಳು ಕುಂಬೆಂಗೊ ಎಂಬ ಆವರ್ತವನ್ನು ತಪ್ಪದೆ ನಡೆಸುತ್ತಿರುವಾಗ, ಬಿರಿಮಿಂತಿಂಗೊ ಎಂಬ ಮೇಲಿನಿಂದ ಜಾರಿ ಬರುವ ಸ್ವರಮಾಲೆಗಳು ಅದರ ಮೇಲೆ ಸುರಿಯುತ್ತವೆ. ಸೌತ ಎಂಬ ಶ್ರುತಿಕ್ರಮದಲ್ಲಿ ನಾಲ್ಕನೆಯ ಸ್ವರವನ್ನು ಏರಿಸಿ ಕಟ್ಟುವುದರಿಂದ ನಮ್ಮ ತೀವ್ರ ಮಧ್ಯಮದ ಹತ್ತಿರದ ಒಂದು ಛಾಯೆ ಬರುತ್ತದೆ. ಮೊದಲ ಸಲ ಅದನ್ನು ಗುರುತಿಸಿದಾಗ ಯಮನ್ ಎಂದು ಕೂಗಬೇಕೆನಿಸಿತ್ತು. ಆದರೆ ಅದು ಯಮನ್ ಅಲ್ಲವೇ ಅಲ್ಲ, ಅಲ್ಲಿ ಆಲಾಪವಿಲ್ಲ, ಮೀಂಡ್ ಇಲ್ಲ. ಪರಿಚಿತ ಸ್ವರವೊಂದು ಬೇರೊಂದು ಮನೆಯಲ್ಲಿ ತನ್ನ ಪಾಡಿಗೆ ಬಾಳುತ್ತಿದೆ, ಅಷ್ಟೆ. ಹೋಲಿಕೆಯ ಸಂತೋಷದಲ್ಲಿ ಅದನ್ನು ನಮ್ಮದಾಗಿಸಿಕೊಂಡರೆ ಅದರ ಸ್ವಂತ ನಡೆ ನಮಗೆ ಕೇಳಿಸದೆ ಹೋಗುತ್ತದೆ.

1988ರಲ್ಲಿ ಬಂದ ತುಮಾನಿಯವರ ಮೊದಲ ಮುದ್ರಿಕೆ ‘ಕೈರಾ’ ಲಂಡನ್ನಿನಲ್ಲಿ ಒಂದೇ ಮಧ್ಯಾಹ್ನದಲ್ಲಿ ಮುಗಿದದ್ದು. ಒಂದು ಕೋರಾ, ಒಬ್ಬ ವಾದಕ, ಮೇಲೆ ಏನನ್ನೂ ಸೇರಿಸಿಲ್ಲ. ಆದರೂ ಮಂದ್ರದ ಆಧಾರ, ನಡುವಿನ ನಡಿಗೆ, ಮೇಲಿನ ವಿಹಾರ ಮೂರೂ ಬೇರೆಬೇರೆಯಾಗಿ ಕೇಳಿಸುತ್ತವೆ. 1997ರ ಸೆಪ್ಟೆಂಬರ್ 22ರಂದು, ಮಾಲಿಯ ಸ್ವಾತಂತ್ರ್ಯದ ದಿನ, ಅವರು ಬಾಲಾಕೆ ಸಿಸ್ಸೊಕೊ ಅವರೊಡನೆ ಬಮಾಕೊದ ಅಮೃತಶಿಲೆಯ ಸಭಾಂಗಣವೊಂದರಲ್ಲಿ ಕುಳಿತು ಜೋಡಿ ಕೋರಾ ನುಡಿಸಿದರು. ಈ ಇಬ್ಬರ ತಂದೆಯರೂ 1970ರಲ್ಲಿ ಹೀಗೆಯೇ ಜೊತೆಯಾಗಿ ನುಡಿಸಿ ‘ಪ್ರಾಚೀನ ತಂತಿಗಳು’ ಎಂಬ ಹೆಸರಿನ ಧ್ವನಿಮುದ್ರಿಕೆ ಹೊರತಂದಿದ್ದರು. ಮಕ್ಕಳು ತಮ್ಮದನ್ನು ‘ಹೊಸ ಪ್ರಾಚೀನ ತಂತಿಗಳು’ ಎಂದು ಕರೆದರು. ನಾನು ಯಾರಿಗಾದರೂ ಈ ಸಂಗೀತವನ್ನು ಮೊದಲು ಕೇಳಿಸುವುದಾದರೆ ಇದನ್ನೇ ಕೇಳಿಸುತ್ತೇನೆ.

ಡಕಾರ್ ನಗರದ ಕಡೆಗೆ ಬೇಗನೆ ಒಂದು ಹೆಜ್ಜೆ ಹಾಕಿ ಬರುತ್ತೇನೆ, ಏಕೆಂದರೆ ಸೆನೆಗಲ್‌ನ ಯೂಸು ಎನ್ದೂರ್ ಅವರ ಕುಣಿತದ ಅಬ್ಬರದ ಹಾಡುಗಳು ಬಹಳ ಜನರಿಗೆ ಗೊತ್ತು, ನನ್ನ ಪ್ರೀತಿ ಇರುವುದು ಅಲ್ಲಿನ ಇನ್ನೊಬ್ಬರ ಮೇಲೆ. 1970ರಲ್ಲಿ ಡಕಾರ್‌ನ ಒಂದು ರಾತ್ರಿಕ್ಲಬ್ಬಿಗಾಗಿ ಕಟ್ಟಿದ ‘ಆರ್ಕೆಸ್ಟ್ರಾ ಬಾವೋಬಾಬ್’ ವೃಂದದಲ್ಲಿ ಗಿಟಾರ್ ನುಡಿಸುತ್ತಿದ್ದವರು ಬಾರ್ಥೆಲೆಮಿ ಅತ್ತಿಸೊ. ಟೋಗೊ ದೇಶದಿಂದ ಕಾನೂನು ಓದಲು ಬಂದ ವಿದ್ಯಾರ್ಥಿ, ಓದಿನ ಖರ್ಚಿಗಾಗಿ ಗಿಟಾರನ್ನು ತಾನೇ ಕಲಿತವರು. ಕ್ಯೂಬಾದ ತಾಳಕ್ಕೆ ಪಶ್ಚಿಮ ಆಫ್ರಿಕದ ರಾಗಗಳನ್ನು ಒಗ್ಗಿಸಿ ಅವರು ನುಡಿಸಿದ್ದು ಕೇಳಿದರೆ ಮಳೆ ನಿಂತ ಮೇಲೆ ಹೆಂಚಿನಿಂದ ತೊಟ್ಟಿಕ್ಕುವ ನೀರಿನಂತಿರುತ್ತದೆ. ವೃಂದ ಒಡೆದಾಗ ಅವರು ಊರಿಗೆ ಹೋಗಿ ವಕೀಲಿಕೆ ಹಿಡಿದು ಗಿಟಾರನ್ನು ಬದಿಗಿಟ್ಟರು. 2001ರಲ್ಲಿ ವೃಂದ ಮತ್ತೆ ಸೇರಿದಾಗ ಬೆರಳುಗಳನ್ನು ಮತ್ತೆ ಪಳಗಿಸಿಕೊಂಡು ಬಂದರು. ಆ ವೃಂದದ ಹೆಸರಿನ ಮರ ಯಾವುದು, ಆ ಮರದ ಒಡಲಲ್ಲಿ ಹಿಂದೆ ಯಾರು ಮಲಗಿದ್ದರು ಎಂಬುದು ಆ ಮುದ್ರಿಕೆಗಳನ್ನು ಕೇಳುವಾಗಲೆಲ್ಲ ನನಗೆ ನೆನಪಾಗುತ್ತದೆ.

ಇಲ್ಲಿ ಒಂದು ಮಾತು. ನಾನು ಆಫ್ರಿಕದ ಸಂಗೀತ ಎಂದ ಕೂಡಲೇ ಗೆಳೆಯರು ನಮ್ಮ ಯಲ್ಲಾಪುರ, ಹಳಿಯಾಳಗಳ ಸಿದ್ದಿಗಳ ಹೆಸರೆತ್ತುತ್ತಾರೆ. ಸಿದ್ದಿಗಳ ಹಿರಿಯರು ಬಂದದ್ದು ಬಹುಮಟ್ಟಿಗೆ ಆಫ್ರಿಕದ ಪೂರ್ವ ಮತ್ತು ಆಗ್ನೇಯ ತೀರದಿಂದ. ಅಲ್ಲಿಗೂ ನೈಜರ್ ನದಿಗೂ ನಡುವೆ ಒಂದು ಖಂಡವೇ ಇದೆ. ಸಿದ್ದಿಗಳ ಚರ್ಮವಾದ್ಯವಾದ ಡಮಾಮಿಯ ಸದ್ದಿನಲ್ಲಿ ಮಾಲಿಯನ್ನು ಹುಡುಕುವುದು ಎರಡಕ್ಕೂ ಸಲ್ಲಿಸುವ ನ್ಯಾಯವಲ್ಲ.

ಎರಡು ದಾರಿಗಳೂ, ಅಂದರೆ ಹಾಡಬಾರದವರ ದಾರಿ ಮತ್ತು ಹಾಡಲೇಬೇಕಾದವರ ದಾರಿ, ಒಂದೆಡೆ ಸೇರಿದ್ದು 2004ರಲ್ಲಿ. ಬಮಾಕೊದಲ್ಲಿ ನೈಜರ್ ನದಿಗೆ ಮುಖ ಮಾಡಿದ ಹೋಟೆಲ್ ಮಾಂಡೆಯ ಮೇಲಂತಸ್ತಿನ ಕೋಣೆಯಲ್ಲಿ ಅಲಿ ಫರ್ಕಾ ಟೂರೆ ಮತ್ತು ತುಮಾನಿ ದಿಯಾಬಾತೆ, ಪೂರ್ವತಯಾರಿ ಏನೂ ಇಲ್ಲದೆ, ಎದುರುಬದುರು ಕುಳಿತರು. ಒಬ್ಬರು ಉತ್ತರದ ಒಣಸೀಮೆಯ ರೈತ, ಇನ್ನೊಬ್ಬರು ದಕ್ಷಿಣದ ಆಸ್ಥಾನ ಪರಂಪರೆಯ ಜೆಲಿ. ನಡುವೆ ಇಪ್ಪತ್ತಾರು ವರ್ಷಗಳ ಅಂತರ. ಅವರು ನುಡಿಸಿದ್ದು ಹೆಚ್ಚಾಗಿ ತುಮಾನಿಯವರ ತಂದೆಯ ಕಾಲದ ಹಳೆಯ ಧಾಟಿಗಳನ್ನು. ಈ ಮುದ್ರಿಕೆಯಲ್ಲಿ ಅಲಿ ಎಲ್ಲಿಯೂ ಮುಂದೆ ಬರುವುದಿಲ್ಲ. ತಮ್ಮ ಮಗನ ವಯಸ್ಸಿನವನ ಕೋರಾಕ್ಕೆ ಅವರು ಆವರ್ತವನ್ನು ಹಿಡಿದುಕೊಂಡು ನೆಲವಾಗಿ ಕೂರುತ್ತಾರೆ, ತುಮಾನಿ ಅದರ ಮೇಲೆ ಓಡಾಡುತ್ತಾರೆ. ಒಳ್ಳೆಯ ತಬಲಾ ಸಾಥಿಯನ್ನು ಬಲ್ಲ ಧಾರವಾಡದವರಿಗೆ ಆ ಹಿಂದೆ ಸರಿಯುವಿಕೆಯ ಬೆಲೆ ಗೊತ್ತು. ಅದಕ್ಕೆ ಗ್ರ್ಯಾಮಿ ಬಂದದ್ದು 2006ರಲ್ಲಿ. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಅಲಿ ಮೂಳೆಯ ಕ್ಯಾನ್ಸರಿನಿಂದ ತೀರಿಕೊಂಡರು. ತೀರಿಕೊಳ್ಳುವ ಹಿಂದಿನ ವರ್ಷ, ನೋವಿನಲ್ಲಿಯೇ ಲಂಡನ್ನಿನಲ್ಲಿ ಇನ್ನೊಮ್ಮೆ ತುಮಾನಿಯವರೊಡನೆ ನುಡಿಸಿದ್ದು 2010ರಲ್ಲಿ ಹೊರಬಂತು. ಆ ಎರಡನೆಯದನ್ನು ನಾನು ಹೆಚ್ಚು ಕೇಳಲಾರೆ.

2012ರಲ್ಲಿ ಮಾಲಿಯ ಉತ್ತರ ಭಾಗ ಸಶಸ್ತ್ರ ಗುಂಪುಗಳ ಕೈಗೆ ಹೋಯಿತು. ಟಿಂಬಕ್ಟು, ಗಾವೊ, ನಿಯಾಫುಂಕೆ ಇರುವ ಸೀಮೆಯಲ್ಲಿ ಸಂಗೀತವನ್ನೇ ನಿಷೇಧಿಸಿದರು. ರೇಡಿಯೊಗಳು ಹಾಡು ನಿಲ್ಲಿಸಿದವು, ಮೊಬೈಲಿನ ರಿಂಗ್‌ಟೋನಿನಲ್ಲೂ ಹಾಡು ಇರಬಾರದೆಂದಾಯಿತು. ಟಿಂಬಕ್ಟುವಿನ ಹಿರಿಯ ಗಾಯಕಿ ಖೈರಾ ಆರ್ಬಿ ಬಮಾಕೊಗೆ ಬಂದು ನೆಲೆಸಬೇಕಾಯಿತು. ಅಲಿಯವರ ಊರಿನಲ್ಲಿ ಹಾಡು ನಿಂತಿತೆಂಬ ಸುದ್ದಿಯನ್ನು ನಾನು ಬೆಂಗಳೂರಿನ ಬಸ್ಸಿನಲ್ಲಿ ನಿಂತು, ಕಿವಿಯಲ್ಲಿ ಅವರದೇ ಹಾಡು ಇರುವಾಗ ಓದಿದೆ. ಅಲ್ಲಿಯವರೆಗೆ ಯಾರು ಹಾಡಬಹುದು, ಯಾರು ಹಾಡಬಾರದು ಎಂಬುದು ನನಗೆ ಹಳೆಯ ಸಮಾಜವೊಂದರ ಕಟ್ಟಳೆಯಾಗಿ ಕಾಣುತ್ತಿತ್ತು. ಯಾರೂ ಹಾಡಕೂಡದು ಎಂಬ ಕಟ್ಟಳೆಯನ್ನು ನಾನು ಊಹಿಸಿರಲಿಲ್ಲ. ಉತ್ತರದಿಂದ ಓಡಿಬಂದ ಯುವಕರು ಅದೇ ವರ್ಷ ಬಮಾಕೊದಲ್ಲಿ ‘ಸೊಂಘಾಯ್ ಬ್ಲೂಸ್’ ಎಂಬ ತಂಡ ಕಟ್ಟಿದರು. ಅದರ ಗಿಟಾರ್ ವಾದಕ ಗರ್ಬಾ ಟೂರೆಯವರ ತಂದೆ ಅಲಿ ಫರ್ಕಾ ಟೂರೆಯವರ ತಾಳವಾದ್ಯಗಾರರಾಗಿದ್ದವರು. 2013ರ ಜನವರಿಯಲ್ಲಿ ಫಾತುಮಾತಾ ದಿಯಾವಾರಾ ಎಂಬ ಯುವಗಾಯಕಿ ನಲವತ್ತಕ್ಕೂ ಹೆಚ್ಚು ಕಲಾವಿದರನ್ನು ಸೇರಿಸಿ ಶಾಂತಿಗಾಗಿ ಒಂದು ಹಾಡು ಮಾಡಿದರು. ಅದರಲ್ಲಿ ಉಮು ಸಂಗಾರೆಯವರೂ ಇದ್ದರು, ತುಮಾನಿಯವರೂ ಇದ್ದರು, ಖೈರಾ ಆರ್ಬಿಯವರೂ ಇದ್ದರು. ಜೆಲಿಗಳು, ಹಕ್ಕಿಗಳು, ಮನೆ ಕಳೆದುಕೊಂಡವರು ಎಲ್ಲರೂ ಸರದಿಯಲ್ಲಿ ಬಂದು ಒಂದೊಂದು ಸಾಲು ಹಾಡಿ ಹೋಗುತ್ತಾರೆ.

2024ರ ಜುಲೈ 19ರಂದು ತುಮಾನಿ ದಿಯಾಬಾತೆ ತೀರಿಕೊಂಡರು, ಐವತ್ತೆಂಟು ವರ್ಷ. ಸುದ್ದಿ ತಿಳಿದ ರಾತ್ರಿ ಅವರ ಯಾವ ಮುದ್ರಿಕೆಯನ್ನೂ ಹಾಕಿಕೊಳ್ಳಲು ನನಗೆ ಧೈರ್ಯವಾಗದೆ, ಗ್ಯಾಂಬಿಯಾದ ಸೋನಾ ಜೊಬಾರ್ತೆಯವರ ಕೋರಾ ಕೇಳಿದೆ. ಜೊಬಾರ್ತೆ ಎಂದರೆ ದಿಯಾಬಾತೆಯೇ, ಗ್ಯಾಂಬಿಯಾದ ಉಚ್ಚಾರಣೆಯಲ್ಲಿ. ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತಿದ್ದ ಆ ವಾದ್ಯವನ್ನು ಜೆಲಿ ಮನೆತನದ ಮಗಳಾಗಿ ಕೈಗೆತ್ತಿಕೊಂಡು, ಅದನ್ನೇ ವೃತ್ತಿಯಾಗಿಸಿಕೊಂಡವರಲ್ಲಿ ಅವರು ಮೊದಲಿಗರು. ಕಲಿಸಿದವರು ಅವರ ತಂದೆ. ಗ್ಯಾಂಬಿಯಾದಲ್ಲಿ ಅವರು ನಡೆಸುವ ಶಾಲೆಯಲ್ಲಿ ಉಳಿದ ಪಾಠಗಳ ಜೊತೆಗೆ ಈ ಸಂಗೀತವನ್ನೂ ಮಕ್ಕಳಿಗೆ ಕಲಿಸುತ್ತಾರೆ. ನನ್ನ ಅಕ್ಕನ ಮಗಳು ಅಂದು ನಮ್ಮ ಮನೆಯಲ್ಲಿದ್ದಳು. ಪರದೆಯ ಮೇಲೆ ಆ ಕೈಗಳನ್ನು ನೋಡುತ್ತ ತಂತಿಗಳನ್ನು ಎಣಿಸಲು ಹೋಗಿ ಹದಿನೇಳಕ್ಕೋ ಹದಿನೆಂಟಕ್ಕೋ ತಪ್ಪಿ, “ಚಿಕ್ಕಮ್ಮಾ, ಸ್ವಲ್ಪ ನಿಲ್ಲಿಸು, ಮತ್ತೆ ಎಣಿಸ್ತೀನಿ” ಎಂದಳು. ನಾನು ನಿಲ್ಲಿಸಿದೆ, ಅವಳು ಪರದೆಯ ಹತ್ತಿರ ಬಂದು, ಎಡಗೈ ಕಡೆಯಿಂದ ಶುರು ಮಾಡಿದಳು.